ಮೂವರು ಸೇರಿ ಕಟ್ಟಿದ ನಗರ

1984ರಲ್ಲಿ ಅಮೆರಿಕದಲ್ಲಿ 'ರೇಡ್ ಆನ್ ಬಂಗಲಿಂಗ್ ಬೇ' ಎಂಬ ವಿಡಿಯೋ ಗೇಮ್ ಬಂತು. ಹೆಲಿಕಾಪ್ಟರಿನಲ್ಲಿ ಹಾರಿ, ದ್ವೀಪಗಳ ಮೇಲಿರುವ ಕಾರ್ಖಾನೆಗಳ ಮೇಲೆ ಬಾಂಬು ಹಾಕುವುದೇ ಆಟ. ಅದನ್ನು ರಚಿಸಿದ ವಿಲ್ ರೈಟ್ ಎಂಬ ಯುವಕ, ದ್ವೀಪಗಳನ್ನೂ ಅವುಗಳ ಮೇಲಿನ ಕಟ್ಟಡಗಳನ್ನೂ ಬಿಡಿಸಲು ತನಗಾಗಿ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಂಡಿದ್ದ. ಆಟ ಸಿದ್ಧವಾಗಿ ಅಂಗಡಿಗೆ ಹೋದ ಮೇಲೂ ಅವನು ಆ ಪ್ರೋಗ್ರಾಂ ಬಿಡಲಿಲ್ಲ. ಊರನ್ನು ಕೆಡವುವುದಕ್ಕಿಂತ ಕಟ್ಟುವುದರಲ್ಲೇ ಹೆಚ್ಚು ಖುಷಿ ಇದೆ ಎಂದು ಅವನಿಗೆ ಅನ್ನಿಸಿತ್ತು.

ಆ ಖುಷಿಯಿಂದ ಹುಟ್ಟಿದ್ದು 1989ರಲ್ಲಿ ಹೊರಬಂದ 'ಸಿಮ್‌ಸಿಟಿ'. ಇದರಲ್ಲಿ ಗುಂಡು ಹೊಡೆಯುವಂತಿಲ್ಲ, ಗೆಲುವು ಎಂಬುದೂ ಇಲ್ಲ. ಗೆಲುವೇ ಇಲ್ಲದ ಆಟವನ್ನು ಯಾರು ಕೊಳ್ಳುತ್ತಾರೆ ಎಂದು ಪ್ರಕಾಶಕರು ಮೊದಲು ಹಿಂಜರಿದಿದ್ದರು. ಕಡೆಗೆ ಅದು ಲೋಕಪ್ರಸಿದ್ಧವಾಯಿತು.

ಆಡುವ ಕ್ರಮ ಸರಳ. ತೆರೆಯ ಮೇಲೆ ಖಾಲಿ ನೆಲವಿರುತ್ತದೆ, ಕೈಯಲ್ಲಿ ಒಂದಿಷ್ಟು ಹಣವಿರುತ್ತದೆ. ಮೊದಲು ವಿದ್ಯುತ್ ಸ್ಥಾವರ ಬೇಕು. ಕಲ್ಲಿದ್ದಲಿನದು 3000 ಡಾಲರಿಗೆ ಸಿಗುತ್ತದೆ, ಆದರೆ ಹೊಗೆ ಉಗುಳುತ್ತದೆ. ಪರಮಾಣು ಸ್ಥಾವರಕ್ಕೆ 5000 ಡಾಲರ್; ಹೊಗೆ ಇಲ್ಲ, ಆದರೆ ಅವಘಡದ ಭಯವಿದೆ. ಬಳಿಕ ಮನೆಗಳಿಗೆ, ಅಂಗಡಿಗಳಿಗೆ, ಕಾರ್ಖಾನೆಗಳಿಗೆ ಬೇರೆ ಬೇರೆ ಜಾಗ ಗುರುತಿಸಬೇಕು, ರಸ್ತೆ ಹಾಕಬೇಕು, ತಂತಿ ಎಳೆಯಬೇಕು. ಜನ ತಾವಾಗಿಯೇ ಬಂದು ನೆಲೆಸುತ್ತಾರೆ. ತೆರಿಗೆ ಶೇಕಡಾ 7ರಿಂದ ಆರಂಭ. ಏರಿಸಿದರೆ ಜನ ಊರು ಬಿಡುತ್ತಾರೆ, ಇಳಿಸಿದರೆ ಅಗ್ನಿಶಾಮಕ ಠಾಣೆಗೆ ಹಣ ಸಾಲುವುದಿಲ್ಲ.

ಇದರ ಹಿಂದೆ ಗಂಭೀರವಾದ ವಿಜ್ಞಾನವೂ ಇದೆ. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಪ್ರಾಧ್ಯಾಪಕ ಜೇ ಫಾರೆಸ್ಟರ್ 1969ರಲ್ಲಿ ನಗರಗಳ ಬೆಳವಣಿಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವ ಒಂದು ಪುಸ್ತಕ ಬರೆದರು. ರೈಟ್ ಅದನ್ನು ಓದಿ ಬಹಳಷ್ಟು ಕಲಿತ. ಫಾರೆಸ್ಟರ್ ಒತ್ತಿ ಹೇಳಿದ್ದು 'ಫೀಡ್‌ಬ್ಯಾಕ್' ಎಂಬ ಸಂಗತಿಯನ್ನು. ಅಂದರೆ ಒಂದು ಕೆಲಸದ ಪರಿಣಾಮ ಸುತ್ತಿ ಬಂದು ಆ ಕೆಲಸವನ್ನೇ ಬದಲಿಸುವುದು. ವಾಹನ ಹೆಚ್ಚಾಯಿತೆಂದು ರಸ್ತೆ ಹಾಕುತ್ತೇವೆ. ರಸ್ತೆ ಚೆನ್ನಾಗಿದೆಯೆಂದು ಅದರ ಪಕ್ಕದಲ್ಲಿ ಮನೆಗಳೇಳುತ್ತವೆ. ಮನೆಗಳಿಂದ ಮತ್ತೆ ವಾಹನ ಹೆಚ್ಚುತ್ತದೆ.

ಈ ಸುತ್ತು ಪೂರ್ಣವಾಗಲು ಸಮಯ ಹಿಡಿಯುತ್ತದೆ ಎಂಬುದೇ ಇಲ್ಲಿನ ತೊಡಕು. ಬಚ್ಚಲುಮನೆಯಲ್ಲಿ ಗೀಸರಿನ ನಲ್ಲಿ ತಿರುಗಿಸಿದಾಗ ಏನಾಗುತ್ತದೆ? ತಣ್ಣೀರೇ ಬರುತ್ತಿದೆಯೆಂದು ಅವಸರಪಟ್ಟು ಇನ್ನಷ್ಟು ತಿರುಗಿಸುತ್ತೇವೆ. ಸ್ವಲ್ಪ ಹೊತ್ತಿಗೆ ಸುಡುನೀರು ಬಂದು ಕೈ ಎಳೆದುಕೊಳ್ಳುತ್ತೇವೆ. ನಗರದಲ್ಲಿಯೂ ಇಂದು ಮಾಡಿದ ತಪ್ಪು ಹತ್ತಾರು ವರ್ಷಗಳ ಮೇಲೆ ಕಾಣಿಸುತ್ತದೆ. ಸಿಮ್‌ಸಿಟಿ ಆ ಹತ್ತಾರು ವರ್ಷಗಳನ್ನು ಒಂದು ಸಂಜೆಯೊಳಗೆ ತೋರಿಸುತ್ತದೆ. ಪಾಠದಲ್ಲಿ ಹೇಳಿಕೊಡಲು ಕಷ್ಟವಾದ ವಿಷಯ ಮಕ್ಕಳಿಗೆ ಆಟದಲ್ಲಿ ತಾನಾಗಿಯೇ ಅರ್ಥವಾಗುತ್ತದೆ.

ಇದನ್ನು ಕಂಡ ಅಮೆರಿಕದ ಎಂಜಿನಿಯರುಗಳ ಸಂಘಟನೆಯೊಂದು 6ರಿಂದ 8ನೇ ತರಗತಿಯ ಮಕ್ಕಳಿಗಾಗಿ ಒಂದು ಸ್ಪರ್ಧೆ ಏರ್ಪಡಿಸಿತು. ಅದೇ 'ಫ್ಯೂಚರ್ ಸಿಟಿ', ಅಂದರೆ ಭವಿಷ್ಯದ ನಗರ. 1990ರ ದಶಕದ ಆರಂಭದಲ್ಲಿ ಶುರುವಾದ ಈ ಸ್ಪರ್ಧೆ ಇಂದಿಗೂ ನಡೆಯುತ್ತಿದೆ. ಅಲ್ಲಿ ಜಾರ್ಜ್ ವಾಷಿಂಗ್ಟನ್ನರ ಜನ್ಮದಿನ ಬರುವ ಫೆಬ್ರುವರಿಯ ವಾರವನ್ನು 1951ರಿಂದ ಎಂಜಿನಿಯರುಗಳ ವಾರವೆಂದು ಆಚರಿಸುತ್ತಾರೆ. ವಾಷಿಂಗ್ಟನ್ ಅಧ್ಯಕ್ಷರಾಗುವ ಮೊದಲು ಭೂಮಾಪಕರಾಗಿದ್ದವರು. ಆ ದಿನಗಳಲ್ಲೇ ಸ್ಪರ್ಧೆಯ ಅಂತಿಮ ಸುತ್ತು ನಡೆಯುವುದು ವಾಡಿಕೆ.

ನಿಯಮ ನೋಡಿದರೆ ಸ್ಪರ್ಧೆಯ ಉದ್ದೇಶ ತಿಳಿಯುತ್ತದೆ. ತಂಡದಲ್ಲಿ ಕನಿಷ್ಠ ಮೂವರು ವಿದ್ಯಾರ್ಥಿಗಳು, ಒಬ್ಬ ಶಿಕ್ಷಕ, ಮಾರ್ಗದರ್ಶನಕ್ಕೆ ಒಬ್ಬ ಎಂಜಿನಿಯರ್ ಇರಬೇಕು. ಬಹುಕಾಲದವರೆಗೆ ಮೊದಲ ಹಂತವೇ ಸಿಮ್‌ಸಿಟಿ. ಮಕ್ಕಳು ಅದರಲ್ಲಿ ತಮ್ಮ ನಗರ ಕಟ್ಟಿ ತೋರಿಸಬೇಕಾಗಿತ್ತು. ಆದರೆ ಕೆಲಸ ಅಲ್ಲಿಗೆ ಮುಗಿಯುತ್ತಿರಲಿಲ್ಲ. ನೂರು ವರ್ಷಗಳಾಚೆಯ ತಮ್ಮ ನಗರದ ಬಗ್ಗೆ ಪ್ರಬಂಧ ಬರೆಯಬೇಕು. ನಗರದ ಒಂದು ಭಾಗದ ಮಾದರಿಯನ್ನು ಬಿಸಾಡಿದ ಡಬ್ಬ, ಬಾಟಲಿ, ರಟ್ಟುಗಳಿಂದ ಅಳತೆಗೆ ತಕ್ಕಂತೆ ತಯಾರಿಸಬೇಕು. ಅದರಲ್ಲಿ ಚಲಿಸುವ ಭಾಗ ಒಂದಾದರೂ ಇರಬೇಕು, ಒಟ್ಟು ಖರ್ಚು 100 ಡಾಲರ್ ಮೀರಬಾರದು. ಕೊನೆಗೆ ತೀರ್ಪುಗಾರರ ಎದುರು ನಿಂತು ವಿವರಿಸಿ, ಪ್ರಶ್ನೆಗಳಿಗೆ ಉತ್ತರ ಹೇಳಬೇಕು.

ಒಂದು ಕಂಪ್ಯೂಟರಿನ ಸುತ್ತ ಮೂವರು ಮಕ್ಕಳು ಕುಳಿತರೆ ಮೌಸ್ ಹಿಡಿಯುವ ಕೈ ಒಂದೇ. ಸಾಮಾನ್ಯವಾಗಿ ಅದು ಮನೆಯಲ್ಲಿ ಕಂಪ್ಯೂಟರ್ ಇರುವ, ಮಾತಿನಲ್ಲಿ ಚುರುಕಾದ ಹುಡುಗನ ಕೈ. ಉಳಿದಿಬ್ಬರು ಪ್ರೇಕ್ಷಕರು. ಹೊರಗಿನಿಂದ ನೋಡುವವರಿಗೆ ಅದು ತಂಡದಂತೆಯೇ ಕಾಣುತ್ತದೆ. ಹಿಂದೆ ನಿಂತ ಹುಡುಗಿಗೆ ಗೊತ್ತಿರುವುದನ್ನು ಯಾರೂ ಕೇಳುವುದಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ತನಗೆ ಏನೂ ಗೊತ್ತಿಲ್ಲವೆಂದು ಅವಳೇ ನಂಬಿಬಿಡುತ್ತಾಳೆ. ಇದು ಸಣ್ಣ ನಷ್ಟವಲ್ಲ.

ಅದೇ ಮೂವರು ತೆರೆಯ ಮೇಲಿನ ನಗರವನ್ನು ರಟ್ಟಿನಲ್ಲಿ ಕಟ್ಟಲು ಹೊರಟರೆಂದು ಊಹಿಸಿಕೊಳ್ಳಿ. ಈಗ ಅಳತೆ ಲೆಕ್ಕ ಹಾಕುವವರು ಬೇಕು, ಕತ್ತರಿ ಹಿಡಿಯುವವರು ಬೇಕು, ಪುಟ್ಟ ಮೋಟಾರಿಗೆ ಸೆಲ್ ಜೋಡಿಸುವವರು ಬೇಕು. ಕಾರ್ಖಾನೆ ನದಿಯ ಬದಿಯಲ್ಲಿದ್ದರೆ ನೀರಿಗೆ ಅನುಕೂಲ ಎಂದು ಒಬ್ಬ ಹೇಳುತ್ತಾನೆ. ಕೆಳಗಿನ ಬಡಾವಣೆಯವರು ಯಾವ ನೀರು ಕುಡಿಯಬೇಕು ಎಂದು ಹಿಂದೆ ನಿಂತಿದ್ದ ಹುಡುಗಿ ಕೇಳುತ್ತಾಳೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಜಗಳ ಶುರುವಾಗುತ್ತದೆ. ಜಗಳ ಬಿಡಿಸಲು ನೀರು ಶುದ್ಧೀಕರಿಸುವ ವಿಧಾನವನ್ನು ಮೂವರೂ ಓದಲೇಬೇಕಾಗುತ್ತದೆ. ತೆರೆಯ ಮೇಲಿನ ನಗರ ಕೆಟ್ಟರೆ ಹೊಸದಾಗಿ ಆರಂಭಿಸಬಹುದು. ಅಂಟು ಒಣಗಿದ ರಟ್ಟಿಗೆ ಆ ಅನುಕೂಲವಿಲ್ಲ. ಆದ್ದರಿಂದ ಕತ್ತರಿಸುವ ಮೊದಲೇ ಮಾತನಾಡಿಕೊಳ್ಳಬೇಕು.

ಆಟದಲ್ಲಿ ಬಾರದ ಪ್ರಶ್ನೆಗಳನ್ನೂ ಸ್ಪರ್ಧೆ ಕೇಳುತ್ತದೆ. ಪ್ರತಿವರ್ಷ ಅದಕ್ಕೊಂದು ವಿಷಯ. 2014-15ರಲ್ಲಿ ನಗರದೊಳಗೆ ಆಹಾರ ಬೆಳೆಯುವುದು. 2017-18ರಲ್ಲಿ ವೃದ್ಧರಿಗೆ ಅನುಕೂಲವಾದ ನಗರ. 2020-21ರಲ್ಲಿ ಚಂದ್ರನ ಮೇಲಿನ ವಸತಿ. ಹದಿಮೂರು ವರ್ಷದ ಮಕ್ಕಳು ತಮ್ಮ ಅಜ್ಜಿ ರಸ್ತೆ ದಾಟಲು ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಾರೆ ಎಂದು ಯೋಚಿಸುವುದು ಒಳ್ಳೆಯ ವಿಜ್ಞಾನವೂ ಹೌದು, ಒಳ್ಳೆಯ ನಡತೆಯೂ ಹೌದು.

ಆಟದ ಮಾತೇ ಕೊನೆಯ ಮಾತಲ್ಲ ಎಂಬುದನ್ನೂ ಮಕ್ಕಳು ತಿಳಿಯಬೇಕು. ಮೊದಲ ಸಿಮ್‌ಸಿಟಿಯಲ್ಲಿ ಒಂದೂ ರಸ್ತೆ ಹಾಕದೆ ಬರೀ ರೈಲು ಹಳಿ ಹಾಕಿದರೂ ಊರು ಬೆಳೆಯುತ್ತಿತ್ತು, ವಾಹನ ದಟ್ಟಣೆಯ ತೊಂದರೆಯೇ ಇರುತ್ತಿರಲಿಲ್ಲ! ನಿಜವಾದ ಊರಿನಲ್ಲಿ ಹಾಲಿನ ವ್ಯಾನು ಯಾವ ದಾರಿಯಲ್ಲಿ ಬರಬೇಕು? ಕಂಪ್ಯೂಟರ್ ಮಾದರಿ ಎಂದರೆ ಅದನ್ನು ಬರೆದವನ ಊಹೆಗಳ ಕಟ್ಟು. ಹವಾಮಾನದ ಮಾದರಿಯಿರಲಿ, ಊರಿನ ಮಾದರಿಯಿರಲಿ, ಊಹೆ ಏನು ಎಂದು ಕೇಳುವ ಅಭ್ಯಾಸ ಬೇಕು.

ಈಚಿನ ವರ್ಷಗಳಲ್ಲಿ ಈ ಸ್ಪರ್ಧೆ ಗೇಮ್‌ನ ಹಂತವನ್ನು ಕೈಬಿಟ್ಟಿದೆ. ಪ್ರಬಂಧ, ಮಾದರಿ, ಪ್ರಶ್ನೋತ್ತರಗಳು ಉಳಿದಿವೆ. ಅಂದರೆ ಸ್ಪರ್ಧೆಯ ಜೀವ ಇದ್ದದ್ದು ಯಂತ್ರದಲ್ಲಲ್ಲ, ಮೂವರು ಸೇರಿ ಮಾಡುವ ಕೆಲಸದಲ್ಲಿ. 'ಗೇಮ್ ಆಡಿ ಮಗು ಹಾಳಾಗುತ್ತದೆಯೇ?' ಎಂದು ಕೇಳುವ ತಂದೆತಾಯಿಗಳು ಬೇರೆ ಎರಡು ಪ್ರಶ್ನೆ ಕೇಳಿದರೆ ಒಳ್ಳೆಯದು: ಮಗು ಯಾರೊಂದಿಗೆ ಆಡುತ್ತಿದೆ? ಆಟ ನಿಲ್ಲಿಸಿದ ಮೇಲೆ ಅದರಿಂದ ಏನು ಮಾಡುತ್ತಿದೆ?

ಸಿಮ್‌ಸಿಟಿಯ ಮೂಲರೂಪ 2008ರಲ್ಲಿ 'ಮೈಕ್ರೋಪೊಲಿಸ್' ಎಂಬ ಹೆಸರಿನಲ್ಲಿ ಉಚಿತವಾಗಿ ಬಿಡುಗಡೆಯಾಗಿದೆ. ಕಂಪ್ಯೂಟರ್ ಇಲ್ಲದವರು ಇದೇ ಆಟವನ್ನು ಹುಣಸೆಬೀಜದಲ್ಲಿ ಆಡಬಹುದು. ರಟ್ಟಿನ ಮೇಲೆ 10 ಸಾಲು, 10 ಕಂಬಗಳ ಚೌಕಗಳನ್ನು ಬರೆಯಿರಿ. ಮೂವರಿಗೂ ಸೇರಿ 100 ಬೀಜ. ಮನೆಗೆ 1, ರಸ್ತೆಗೆ 1, ಅಂಗಡಿಗೆ 2, ಕಾರ್ಖಾನೆಗೆ 3, ನೀರಿನ ತೊಟ್ಟಿಗೆ 10. ಒಬ್ಬರು ಹಣ, ಒಬ್ಬರು ರಸ್ತೆ, ಒಬ್ಬರು ಜನರ ಆರೋಗ್ಯ ನೋಡಿಕೊಳ್ಳಲಿ. ಪ್ರತಿ ಸುತ್ತಿನ ಕೊನೆಯಲ್ಲಿ, ರಸ್ತೆಯ ಮೂಲಕ ಮನೆಗಳಿಗೆ ಸೇರಿದ ಅಂಗಡಿ ಮತ್ತು ಕಾರ್ಖಾನೆ ತಲಾ 1 ಬೀಜ ತಂದುಕೊಡುತ್ತವೆ. ಕಾರ್ಖಾನೆಗೆ ತಾಗಿದ ಮನೆ ಖಾಲಿಯಾಗುತ್ತದೆ. ಇಬ್ಬರಾದರೂ ಒಪ್ಪದೆ ಯಾವ ಚೌಕವನ್ನೂ ತುಂಬುವಂತಿಲ್ಲ. ಐದು ಸುತ್ತಿಗೊಮ್ಮೆ ಹೊಣೆ ಬದಲಾಯಿಸಿಕೊಳ್ಳಿ.

ಹದಿನೈದು ಸುತ್ತು ಮುಗಿದ ಮೇಲೆ ಮನೆಯ ಹಿರಿಯರೊಬ್ಬರು ಬಂದು, ಎಲ್ಲರಿಗಿಂತ ಕಡಿಮೆ ಮಾತನಾಡಿದ ಮಗುವಿಗೆ ಮೊದಲ ಪ್ರಶ್ನೆ ಕೇಳಲಿ: 'ಈ ಕಾರ್ಖಾನೆ ಇಲ್ಲೇ ಯಾಕೆ ಬಂತು?' ಆ ಮಗು ಬೆರಳಿಟ್ಟು ತೋರಿಸಿ ಕಾರಣ ಹೇಳಿದರೆ ಆ ಊರು ಮೂವರದ್ದೂ ಹೌದು ಎಂದು ತಿಳಿಯಬಹುದು.