ಸುಂಕದ ಲೆಕ್ಕ, ಗುಡ್ಡದ ಲೆಕ್ಕ

ಶಿರಾಡಿ ಘಾಟಿಯ ಹೆದ್ದಾರಿ ವಿಸ್ತರಣೆಯ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆ, ಟೋಲ್ ಬೇಕೋ ಬೇಡವೋ ಎಂಬುದು. ಸರ್ಕಾರವೇ ಹಣ ಹೂಡಿದರೆ ಟೋಲ್ ಇರದೆಂಬ ನಂಬಿಕೆಗೆ ಆಧಾರವಿಲ್ಲ; ಬೊಕ್ಕಸದ ಹಣದಲ್ಲಾದ ಚತುಷ್ಪಥಕ್ಕೂ ಸುಂಕ ವಿಧಿಸಲು 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳಲ್ಲಿ ಅವಕಾಶವಿದೆ. ಆದರೂ ಒಂದು ವ್ಯತ್ಯಾಸವುಂಟು. ಸುಂಕದ ವಸೂಲಿಯನ್ನೇ ನಂಬಿ ಬಂಡವಾಳ ಹಾಕಿದವನಿಗೆ, ಮಳೆಗಾಲದಲ್ಲಿ ಭಾರಿ ಲಾರಿಗಳನ್ನು ತಡೆಯುವ ಆದೇಶವೆಂದರೆ ಆದಾಯದ ಖೋತಾ. ಟೋಲ್ ಇಲ್ಲದ ಯೋಜನೆಗೆ ಆ ಒತ್ತಡವಿಲ್ಲ. ಅಷ್ಟರ ಮಟ್ಟಿಗೆ ಅದೇ ಮೇಲು.

ಘಾಟಿಗೆ ನಿಜವಾಗಿ ತಟ್ಟುವ ಸಂಗತಿ ಇದೇ ನಿಯಮಾವಳಿಯ ಮತ್ತೊಂದು ಮೂಲೆಯಲ್ಲಿದೆ. ಸುಂಕದ ಲೆಕ್ಕದಲ್ಲಿ ಸುರಂಗ, ಮೇಲ್ಸೇತುವೆಗಳ ಒಂದು ಕಿಲೋಮೀಟರನ್ನು ಹತ್ತೆಂದು ಎಣಿಸಲಾಗುತ್ತಿತ್ತು. 2025ರ ಜುಲೈ ತಿದ್ದುಪಡಿಯು ಇಂಥ ರಚನೆಗಳೇ ಹೆಚ್ಚಿರುವ ಭಾಗಗಳಲ್ಲಿ ಈ ಹೊರೆಯನ್ನು ಅರ್ಧದವರೆಗೆ ಇಳಿಸಿತು. ಗುಡ್ಡ ಕಡಿದು ಮಾಡಿದ ಒಂದು ಕಿಲೋಮೀಟರ್ ಮಾತ್ರ ಅಂದೂ ಇಂದೂ ಒಂದೇ. ಇಳಿಜಾರನ್ನು ಕೆಡಿಸದೆ ಕಂಬಗಳ ಮೇಲೆ ಸಾಗುವ ರಸ್ತೆ ಪ್ರಯಾಣಿಕನಿಗೆ ದುಬಾರಿ, ಬೆಟ್ಟವನ್ನು ನೆಟ್ಟಗೆ ಕಡಿದ ರಸ್ತೆ ಅಗ್ಗ! 2024ರ ಜುಲೈಯಲ್ಲಿ ಸಕಲೇಶಪುರದ ಬಳಿ ಗುಡ್ಡ ಜರಿದು ಸಂಚಾರ ನಿಂತಿತು. ಹಾಗೆ ಬಿದ್ದ ಮಣ್ಣನ್ನು ಎತ್ತುವ ಖರ್ಚಾಗಲಿ, ಕಣಿವೆಯ ಕೆಂಪುಹೊಳೆಗೆ ಇಳಿಯುವ ಹೂಳಾಗಲಿ ಟೋಲ್ ಚೀಟಿಯಲ್ಲಿ ಕಾಣಿಸದು.

ಇನ್ನು ಮುಂದೆ ಎರಡು ಯೋಜನೆಗಳನ್ನು ಹೋಲಿಸುವ ಅಧಿಕಾರಿಗಳು, ಗುಡ್ಡ ಕಡಿದ ಪ್ರತಿ ಕಿಲೋಮೀಟರಿನ ಎದುರು ಆಯಾ ಮಳೆಗಾಲದ ತೆರವಿನ ವೆಚ್ಚವನ್ನೂ, ರಸ್ತೆ ಮುಚ್ಚಿದ ದಿನಗಳನ್ನೂ ಬರೆದು ಜನರ ಮುಂದಿಡಬೇಕು.