ದೊಡ್ಡವರು ಹೌದು, ಮಹಾಪುರುಷರೇ?

ಸಭೆ-ಸಮಾರಂಭಗಳಲ್ಲಿ ‘ಮಹಾನ್’ ಎಂಬ ವಿಶೇಷಣವು ಇಂದು ಹೂವಿನ ಹಾರದಷ್ಟೇ ಸುಲಭವಾಗಿ ದೊರೆಯುತ್ತಿದೆ. ಉನ್ನತ ಪದವಿಗೇರಿದವರೆಲ್ಲರೂ ಮಹಾಪುರುಷರು. ಅವರು ನಮ್ಮ ಜಿಲ್ಲೆಯವರಾಗಿಬಿಟ್ಟರಂತೂ ಪ್ರಶ್ನೆಯೇ ಏಳದು. ಅನಂತಪುರ ಜಿಲ್ಲೆಯ ಇಲ್ಲೂರಿನಲ್ಲಿ 1913ರಲ್ಲಿ ಜನಿಸಿ, 1977ರಿಂದ 1982ರವರೆಗೆ ರಾಷ್ಟ್ರಪತಿಗಳಾಗಿದ್ದ ನೀಲಂ ಸಂಜೀವರೆಡ್ಡಿಯವರನ್ನು ಕುರಿತು ರಾಯದುರ್ಗ ಸೀಮೆಯ ಕನ್ನಡಿಗರಾದ ನಾವು ಈ ಮಾತನ್ನು ಮತ್ತೆ ಮತ್ತೆ ಕೇಳುತ್ತೇವೆ. ಆದರೆ ವಿದ್ಯಾರ್ಥಿಯ ಊರು ನೋಡಿ ಅಂಕ ಹಾಕುವ ಪರೀಕ್ಷಕನನ್ನು ಯಾರೂ ಮೆಚ್ಚುವುದಿಲ್ಲ. ಉತ್ತರಪತ್ರಿಕೆಯನ್ನು ತೆರೆದು ನೋಡಲೇಬೇಕು.

ಸಲ್ಲಬೇಕಾದ ಅಂಕಗಳು ಮೊದಲು ಸಲ್ಲಲಿ. 1956ರಲ್ಲಿ ಅವರು ಆಂಧ್ರಪ್ರದೇಶದ ಪ್ರಥಮ ಮುಖ್ಯಮಂತ್ರಿಗಳಾದರು. ಬಸ್ ಮಾರ್ಗಗಳ ರಾಷ್ಟ್ರೀಕರಣದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರತಿಕೂಲ ಅಭಿಪ್ರಾಯ ನೀಡಿದಾಗ, 1964ರಲ್ಲಿ ತಾವಾಗಿಯೇ ಅಧಿಕಾರವನ್ನು ತ್ಯಜಿಸಿದರು. ಕುರ್ಚಿಯ ಕಾಲನ್ನು ಕೊನೆಯವರೆಗೂ ಬಿಡದ ಇಂದಿನ ನಾಯಕರ ಎದುರಿಗೆ ಇದು ಸಣ್ಣ ಸಂಗತಿಯಲ್ಲ. 1967ರಲ್ಲಿ ಲೋಕಸಭೆಯ ಅಧ್ಯಕ್ಷರಾದೊಡನೆ ತಮ್ಮ ಪಕ್ಷದ ಸದಸ್ಯತ್ವವನ್ನೇ ತೊರೆದರು. 1977ರ ಚುನಾವಣೆಯಲ್ಲಿ ಆಂಧ್ರದ 42 ಸ್ಥಾನಗಳ ಪೈಕಿ 41 ಕಾಂಗ್ರೆಸ್ಸಿನ ಪಾಲಾದಾಗ, ಉಳಿದ ಒಂದನ್ನು ನಂದ್ಯಾಲದಲ್ಲಿ ಗೆದ್ದವರು ಇವರೇ. ಅದೇ ವರ್ಷ ಅವಿರೋಧವಾಗಿ ರಾಷ್ಟ್ರಪತಿಗಳಾಗಿ ಆಯ್ಕೆಯಾದರು. ಇವೆಲ್ಲವೂ ದೊಡ್ಡ ಗುಣಗಳು. ಅವನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ರಾಷ್ಟ್ರಪತಿಯ ಹಿರಿಮೆಯನ್ನು ಅಳೆಯಬೇಕಾದದ್ದು ಆ ಪೀಠಕ್ಕೆ ಪರೀಕ್ಷೆ ಎದುರಾದ ದಿನದಂದು. ಸಂಜೀವರೆಡ್ಡಿಯವರಿಗೆ ಅಂತಹ ದಿನ ಬಂದದ್ದು 1979ರ ಆಗಸ್ಟ್ ತಿಂಗಳಲ್ಲಿ. ಜುಲೈ 15ರಂದು ಮೊರಾರ್ಜಿ ದೇಸಾಯಿಯವರು ರಾಜೀನಾಮೆ ಕೊಟ್ಟರು. ರಾಷ್ಟ್ರಪತಿಗಳು ಬೆಂಬಲಿಗರ ಪಟ್ಟಿಗಳನ್ನು ತರಿಸಿಕೊಂಡು ಎಣಿಸಿ, ಆಗಸ್ಟ್ ಮೂರನೆಯ ವಾರದೊಳಗೆ ವಿಶ್ವಾಸಮತ ಪಡೆಯಬೇಕೆಂದು ಸೂಚಿಸಿ, ಚರಣ್ ಸಿಂಗ್ ಅವರನ್ನು ಪ್ರಧಾನಿಯಾಗಿ ನೇಮಿಸಿದರು. ಆಗಸ್ಟ್ 20ರಂದು ಚರಣ್ ಸಿಂಗ್ ಅವರು ಲೋಕಸಭೆಯನ್ನು ಎದುರಿಸದೆಯೇ ರಾಜೀನಾಮೆಯಿತ್ತು, ಸಭೆಯನ್ನು ವಿಸರ್ಜಿಸುವಂತೆ ಸಲಹೆ ನೀಡಿದರು. ಜನತಾ ಪಕ್ಷದ ನಾಯಕರಾದ ಜಗಜೀವನ ರಾಮರು ತಮಗೆ ಅವಕಾಶ ಬೇಕೆಂದು ಕೇಳಿದರು. ಆ ಅವಕಾಶ ದೊರೆಯಲಿಲ್ಲ. ಆಗಸ್ಟ್ 22ರಂದು ಲೋಕಸಭೆ ವಿಸರ್ಜನೆಯಾಯಿತು.

ಅವರ ಅಭಿಮಾನಿಗಳು ಹೇಳುವುದಿಷ್ಟು: ಪಕ್ಷಾಂತರದ ಸಂತೆ ನಡೆದಿದ್ದಾಗ ಜನರ ಬಳಿಗೇ ಹೋಗುವುದು ಲೇಸಲ್ಲವೇ? ಸಲಹೆಗೆ ರಾಷ್ಟ್ರಪತಿ ಬದ್ಧರಲ್ಲವೇ? ಮೊದಲ ಮಾತಿನಲ್ಲಿ ಹುರುಳಿದೆ. ಜನರ ತೀರ್ಪಿಗಿಂತ ದೊಡ್ಡ ತೀರ್ಪಿಲ್ಲ. ಆದರೆ ಜನರೇ ಆರಿಸಿದ ಸಭೆಯೊಂದು ಅಸ್ತಿತ್ವದಲ್ಲಿತ್ತು. ಅಲ್ಲಿ ಕೈಯೆತ್ತಿಸಿ ಎಣಿಸದೆ ಅದನ್ನು ಮುಚ್ಚುವ ಅವಸರವೇನಿತ್ತು? ಬಹುಮತವನ್ನು ಸದನದಲ್ಲಿಯೇ ಎಣಿಸಬೇಕೆಂಬುದು ಎರಡು ಬಾರಿ ಲೋಕಸಭೆಯ ಅಧ್ಯಕ್ಷರಾಗಿದ್ದವರಿಗೆ ತಿಳಿಯದ ವಿಷಯವೇ? ಕರ್ನಾಟಕದ ಎಸ್.ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ಎತ್ತಿ ಹಿಡಿದದ್ದೂ ಈ ತತ್ತ್ವವನ್ನೇ.

ಎರಡನೆಯ ವಾದವಂತೂ ನಿಲ್ಲುವುದಿಲ್ಲ. ಸಲಹೆ ನೀಡಿದ ಮಂತ್ರಿಮಂಡಲವು ಒಂದು ದಿನವೂ ಸದನದ ವಿಶ್ವಾಸವನ್ನು ಪಡೆದದ್ದಲ್ಲ. ಮೇಲಾಗಿ, ಸಲಹೆಯನ್ನು ಮರುಪರಿಶೀಲನೆಗೆ ಹಿಂದಿರುಗಿಸುವ ಅಧಿಕಾರವು ಸಂವಿಧಾನದ 44ನೆಯ ತಿದ್ದುಪಡಿಯ ಮೂಲಕ ಅದೇ ಜೂನ್ 20ರಿಂದ ರಾಷ್ಟ್ರಪತಿಗಳ ಕೈಯಲ್ಲಿತ್ತು. ಆ ಹೊಸ ಆಯುಧವನ್ನು ಅವರು ಒರೆಯಿಂದ ಹೊರತೆಗೆಯಲೇ ಇಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. 1969ರಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ಸಂಸದೀಯ ಮಂಡಳಿಯು ರಾಷ್ಟ್ರಪತಿ ಸ್ಥಾನಕ್ಕೆ ಸಂಜೀವರೆಡ್ಡಿಯವರನ್ನು ಆರಿಸಿದಾಗ, ಇಂದಿರಾ ಗಾಂಧಿಯವರು ಪ್ರತಿಯಾಗಿ ಸೂಚಿಸಿದ್ದು ಜಗಜೀವನ ರಾಮರ ಹೆಸರನ್ನೇ. ಹಳೆಯ ಕಹಿಯನ್ನು ಅವರ ಮೇಲೆ ಹೊರಿಸುವ ಉದ್ದೇಶ ನಮ್ಮದಲ್ಲ. ಆದರೆ ಇಂತಹ ಹಿನ್ನೆಲೆಯಿರುವಾಗ ಸಂದೇಹಕ್ಕೆ ಎಡೆಯಿಲ್ಲದಂತೆ ನಡೆದುಕೊಳ್ಳುವ ಹೊಣೆ ಇಮ್ಮಡಿಯಾಗುತ್ತದೆ.

ಹಾಗಾದರೆ ಆ ಪೀಠದಲ್ಲಿ ಹಿರಿಮೆ ಎಂದರೇನು? 1997ರಿಂದ 2002ರವರೆಗೆ ರಾಷ್ಟ್ರಪತಿಗಳಾಗಿದ್ದ ಕೆ.ಆರ್. ನಾರಾಯಣನ್ ಅವರನ್ನು ನೋಡೋಣ. ಅವರು ನಮ್ಮ ಜಿಲ್ಲೆಯವರಲ್ಲ, ನಮ್ಮ ರಾಜ್ಯದವರೂ ಅಲ್ಲ. 1997ರಲ್ಲಿ ಉತ್ತರಪ್ರದೇಶದ ಮೇಲೆ, 1998ರಲ್ಲಿ ಬಿಹಾರದ ಮೇಲೆ ರಾಷ್ಟ್ರಪತಿ ಆಡಳಿತ ಹೇರುವ ಸಲಹೆ ಬಂದಾಗ ಎರಡು ಸಲವೂ ಮರುಪರಿಶೀಲನೆಗೆ ಹಿಂದಿರುಗಿಸಿದರು. ಮೊದಲನೆಯ ಸಲಹೆ ಒಂದು ಸರ್ಕಾರದ್ದು, ಎರಡನೆಯದು ಅದರ ವಿರೋಧಿಗಳ ಸರ್ಕಾರದ್ದು. ತಮ್ಮ ನಿರ್ಧಾರಗಳ ಕಾರಣಗಳನ್ನು ಪ್ರಕಟಣೆಗಳ ಮೂಲಕ ದೇಶದ ಮುಂದಿಟ್ಟರು. ಅಧಿಕಾರದ ಎಲ್ಲೆಯನ್ನು ಮೀರಲಿಲ್ಲ, ಎಲ್ಲೆಯೊಳಗಿನ ಅಧಿಕಾರವನ್ನು ಬಿಟ್ಟುಕೊಡಲೂ ಇಲ್ಲ.

ದಿಲ್ಲಿಯ ಈ ವಿಚಾರ ನಮ್ಮ ಸಂಘಕ್ಕೇಕೆ ಎಂದು ಕೇಳುವವರಿದ್ದಾರೆ. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದಂದಿನಿಂದ ಇಲ್ಲಿಯ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ನಮ್ಮ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ದೊರೆಯುವಂತೆ ರಾಜ್ಯಗಳಿಗೆ ನಿರ್ದೇಶನ ನೀಡುವ ಅಧಿಕಾರವನ್ನು ಸಂವಿಧಾನದ 350-ಎ ವಿಧಿಯು ರಾಷ್ಟ್ರಪತಿಗೆ ಕೊಟ್ಟಿದೆ. 350-ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯನ್ನು ನೇಮಿಸುವವರೂ ಆತನ ವರದಿಯನ್ನು ಸ್ವೀಕರಿಸುವವರೂ ಅವರೇ. ಕನ್ನಡ ಶಾಲೆಗೆ ಉಪಾಧ್ಯಾಯರಿಲ್ಲ, ಪಠ್ಯಪುಸ್ತಕ ಬಂದಿಲ್ಲ ಎಂದು ಮನವಿ ಬರೆಯುತ್ತಿರುವ ನಮಗೆ ಆ ಪೀಠವು ಬರಿಯ ಅಲಂಕಾರವಲ್ಲ. ಬಂದ ಕಾಗದವನ್ನು ಓದಿ, ಪ್ರಶ್ನಿಸಿ, ಅನಂತರ ಸಹಿ ಹಾಕುವ ರಾಷ್ಟ್ರಪತಿ ಸಂಖ್ಯಾಬಲವಿಲ್ಲದವರಿಗೆ ಬೇಕು.

ಆದ್ದರಿಂದ ನಮ್ಮ ತೀರ್ಪು ಇದು. ಸಂಜೀವರೆಡ್ಡಿಯವರು ದೊಡ್ಡ ಆಡಳಿತಗಾರರು, ನಿಷ್ಪಕ್ಷಪಾತಿ ಸಭಾಧ್ಯಕ್ಷರು, ಅಧಿಕಾರ ಬಿಡಲು ಅಂಜದ ಮುಖ್ಯಮಂತ್ರಿಗಳು. ಅವರ ಹೆಸರನ್ನು ಗೌರವದಿಂದಲೇ ಉಚ್ಚರಿಸೋಣ. ಆದರೆ ‘ಮಹಾನ್ ರಾಷ್ಟ್ರಪತಿ’ ಎಂಬ ಬಿರುದನ್ನು ನಾವು ಕೊಡಲಾರೆವು. ಜಿಲ್ಲೆಯ ಅಭಿಮಾನಕ್ಕಾಗಿ ಈ ಅಳತೆಗೋಲನ್ನು ಕಿರಿದುಗೊಳಿಸಿದರೆ, ನಾಳೆ ನಮ್ಮ ಹಕ್ಕಿನ ಕಾಗದ ಅದೇ ಮೇಜಿನ ಮೇಲೆ ಕೊಳೆಯುವಾಗ ಕೇಳುವ ಬಾಯಿ ನಮಗೆ ಉಳಿಯುವುದಿಲ್ಲ.