ತಕ್ಕಡಿ ಯಾರ ಕೈಯಲ್ಲಿದೆ?

ಬೈಲಹೊಂಗಲ, ಸವದತ್ತಿಗಳ ಎರೆಹೊಲಗಳಲ್ಲಿ ಹತ್ತಿ ಬಿಡಿಸುವವರು ಯಾರು? ಹೆಂಗಸರು. ಕಾಳು ಒಣಗಿಸಿ, ಹಸನು ಮಾಡಿ, ಚೀಲಕ್ಕೆ ತುಂಬುವವರು ಯಾರು? ಹೆಂಗಸರು. ರಾಮದುರ್ಗದ ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತುವವರೂ ಅವರೇ. ಆದರೆ ಮಾಲು ಗಾಡಿ ಏರಿದ ಗಳಿಗೆಯಿಂದ ಅದರ ಸಂಗಡ ಹೆಂಗಸು ಕಾಣುವುದು ಅಪರೂಪ. ಪೇಟೆಯಲ್ಲಿ ತೂಕ ಮಾಡುವವನು ಗಂಡಸು; ದಲಾಲಿ ಅಂಗಡಿಯ ಗುಮಾಸ್ತ ಗಂಡಸು; ಗೋದಾಮಿನ ಕೀಲಿಕೈ ಗಂಡಸಿನ ಕಿಸೆಯಲ್ಲಿ. ಕಿತ್ತೂರಿನ ಹೆದ್ದಾರಿಯಲ್ಲಿ ಪುಣೆ, ಬೆಂಗಳೂರುಗಳಿಗೆ ಓಡುವ ಲಾರಿಗಳಲ್ಲಿ ಹೆಣ್ಣು ಚಾಲಕರನ್ನು ಹುಡುಕಿ ನೋಡಿರಿ!

ಈ ಪ್ರಶ್ನೆ ಎತ್ತಿದೊಡನೆ ಬರುವ ಉತ್ತರ ಒಂದೇ: "ಅದು ಭಾರದ ಕೆಲಸ, ಹೆಂಗಸರಿಂದ ಆಗದು." ಈ ವಾದವನ್ನು ನಾವು ಒಪ್ಪುವುದಿಲ್ಲ. 170 ಕಿಲೋ ತೂಗುವ ಹತ್ತಿಯ ಬೇಲನ್ನು ಗಂಡಸಾದರೂ ಒಬ್ಬನೇ ಎತ್ತಬಲ್ಲನೇ? ಕಾಟಾದ ಅಂಕಿ ಓದಲು, ಪಟ್ಟಿ ಬರೆಯಲು, ದಾಸ್ತಾನಿನ ಲೆಕ್ಕ ಇಡಲು ಎಷ್ಟು ತೋಳ್ಬಲ ಬೇಕು? ಕಟ್ಟಿಗೆಯ ಹೊರೆ, ನೀರಿನ ಕೊಡ, ಮೇವಿನ ಸಿವುಡು ಹೊರುವಾಗ ಹೆಣ್ಣಿನ ತಲೆಯ ಭಾರ ಯಾರಿಗೂ ಕಾಣುವುದಿಲ್ಲ. ಸಂಬಳವೂ ಅಧಿಕಾರವೂ ಇರುವ ಕೆಲಸ ಬಂದಾಗಲೇ ಅದು ನೆನಪಾಗುತ್ತದೆ.

ಕಾಯ್ದೆಯೂ ಬಹುಕಾಲ ಅಡ್ಡ ನಿಂತಿತ್ತು. 1948ರ ಕಾರಖಾನೆ ಕಾಯ್ದೆ ಹೆಂಗಸರಿಗೆ ರಾತ್ರಿಪಾಳಿಯನ್ನು ನಿರ್ಬಂಧಿಸಿತ್ತು. ಹತ್ತಿ ಪ್ರೆಸ್ಸಿನಲ್ಲಿ ಅರಳೆ ಬಿಡಿಸುವ ಯಂತ್ರ ನಡೆಯುವ ಕಡೆಗೆ ಅವರನ್ನು ಇಡಕೂಡದೆಂದು ಅದರ 27ನೆಯ ಕಲಮು ಹೇಳಿತ್ತು. ಆ ಯಂತ್ರ ಗಂಡಸಿನ ಕೈಯನ್ನು ಬಿಟ್ಟೀತೇ? ಅಪಾಯವಿದ್ದರೆ ಅದನ್ನು ಎಲ್ಲರಿಗಾಗಿ ನಿವಾರಿಸಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಹೆಂಗಸರಿಗೆ ಎಲ್ಲ ಬಗೆಯ ಕೆಲಸವನ್ನೂ ತೆರೆದಿವೆ. ರಾತ್ರಿ ದುಡಿಸಲು ಅವರ ಒಪ್ಪಿಗೆ ಬೇಕೆಂದಿವೆ. ಆದರೆ ಮಾಲಿಕನ ಎದುರು ಕೂಲಿಗಾಗಿ ನಿಂತವಳ ಒಪ್ಪಿಗೆಗೆ ಎಷ್ಟು ಬೆಲೆ? ಸಂಘಟನೆಯ ಬಲವಿಲ್ಲದಿದ್ದರೆ ಈ ಹಕ್ಕು ಕಾಗದದಲ್ಲಿಯೇ ಉಳಿದೀತು.

2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿನ ಖರ್ಚಿಲ್ಲ. ಒಳ್ಳೆಯದು. ಆದರೆ ಪೇಟೆಯ ಲೆಕ್ಕ ಮುಗಿಯುವ ಹೊತ್ತಿಗೆ ಹಳ್ಳಿಯ ಕೊನೆಯ ಬಸ್ಸು ಹೋಗಿಬಿಟ್ಟರೆ ಆ ಸವಲತ್ತಿನಿಂದ ಏನು ಫಲ? ಬೆಳಗಾವಿ ಜಿಲ್ಲೆಯವರೇ ಆದ ಪ್ರೇಮಾ ನಡಪಟ್ಟಿ ಬೆಂಗಳೂರಿನ ನಗರ ಸಾರಿಗೆಯಲ್ಲಿ ಬಸ್ಸು ನಡೆಸಿ ತೋರಿಸಿದ್ದಾರೆ. ನಮ್ಮ ಹೆಣ್ಣುಮಕ್ಕಳಿಗೆ ಕೈಬಲವಾಗಲಿ ಬುದ್ಧಿಯಾಗಲಿ ಕಡಿಮೆಯಿಲ್ಲ. ಊರಿನಲ್ಲಿ ಅವಕಾಶ ಕಡಿಮೆ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಮಾರುಕಟ್ಟೆ ಸಮಿತಿಗಳು ತೂಕದ ಕೆಲಸದ ಪರವಾನಗಿಯನ್ನು ಹೆಂಗಸರಿಗೂ ಕೊಡಲಿ. ಉಗ್ರಾಣಗಳಲ್ಲಿ, ಸಹಕಾರಿ ಸಂಘಗಳಲ್ಲಿ ಓದುಬರಹ ಬಲ್ಲ ಹೆಣ್ಣುಮಕ್ಕಳನ್ನು ದಾಸ್ತಾನಿನ ಲೆಕ್ಕಕ್ಕೆ ನೇಮಿಸಲಿ. ಪ್ರತಿ ಪೇಟೆಯಲ್ಲಿ ಅವರಿಗೆ ಶೌಚಾಲಯ, ಕೆಲಸ ಬಿಡುವ ಹೊತ್ತಿಗೆ ಬಸ್ಸು, ಸರಿಸಮ ಕೆಲಸಕ್ಕೆ ಸರಿಸಮ ಸಂಬಳ ದೊರೆಯಲಿ. ಹಮಾಲ ಬಂಧುಗಳಿಗೂ ಒಂದು ಮಾತು: ಅಕ್ಕತಂಗಿಯರು ನಿಮ್ಮ ಅನ್ನ ಕಸಿಯಲು ಬರುತ್ತಿಲ್ಲ. ಅವರು ಸಂಘಕ್ಕೆ ಬಂದರೆ ಸಂಘದ ಬಲ ಇಮ್ಮಡಿಯಾಗುತ್ತದೆ.

1824ರಲ್ಲಿ ಥ್ಯಾಕರೆ ಕಿತ್ತೂರಿನ ಭಂಡಾರಕ್ಕೆ ಮುದ್ರೆ ಹಾಕಿಸಿದಾಗ ಅವನಿಗೆ ಎದುರು ನಿಂತವಳು ರಾಣಿ ಚನ್ನಮ್ಮ. ಅವಳ ಸಮಾಧಿಯಿರುವ ಬೈಲಹೊಂಗಲದ ಪೇಟೆ, ಗೋದಾಮಿನ ಕೀಲಿಕೈಯನ್ನು ಹೆಣ್ಣುಮಗಳ ಕೈಗೆ ಕೊಡಲು ಏಕೆ ಅಂಜಬೇಕು?